ಚಂದ್ರಮತಿ ಪಾರ್ಟು ಯಾರದು? ಪಂಡರಿಬಾಯಿ ನಡೆದ ದಾರಿ ಮತ್ತು ನಮ್ಮೂರ ನಾಟಕದ ನಟಿಯರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಸಂಕ್ರಾಂತಿ ಕಳೆಯಿತೆಂದರೆ ನಾಟಕದ ಕಾಲ. ಕಣದ ಕೆಲಸ ಮುಗಿದಿರುತ್ತದೆ, ಹೊಗೆಸೊಪ್ಪು ಮಾರಿದ ದುಡ್ಡು ಒಂದಿಷ್ಟು ಕೈಯಲ್ಲಿ ಓಡಾಡುತ್ತಿರುತ್ತದೆ, ಊರ ಹಬ್ಬ-ಜಾತ್ರೆಗಳು ಸಾಲುಗಟ್ಟಿರುತ್ತವೆ. ಮೂರು ತಿಂಗಳಿಂದ ರಾಮಮಂದಿರದಲ್ಲೋ ಹಳೇ ಶಾಲೆಯ ಜಗಲಿಯಲ್ಲೋ ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ಸತ್ಯ ಹರಿಶ್ಚಂದ್ರ’ ಸ್ಟೇಜಿಗೆ ಬರುತ್ತವೆ. ಅದಕ್ಕೂ ವಾರ ಮೊದಲೇ ಊರ ಬಾಗಿಲಲ್ಲಿ ಫ್ಲೆಕ್ಸ್ ನಿಲ್ಲುತ್ತದೆ. ದುರ್ಯೋಧನ ಯಾರು, ಭೀಮ ಯಾರು, ಒಂದನೇ ಕೃಷ್ಣ ಯಾರು, ಎರಡನೇ ಕೃಷ್ಣ ಯಾರು, ಎಲ್ಲರ ಫೋಟೊ, ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಸೀನರಿ ಯಾರದು, ಶಾಮಿಯಾನ ಯಾರದು, ಊಟದ ಸೇವೆ ಯಾರದು ಎಂಬುದೂ ಇರುತ್ತದೆ. ಎಷ್ಟೋ ಕಡೆ ಕಟ್ಟಕಡೆಗೆ ಒಂದು ಸಾಲು: ‘ಸ್ತ್ರೀ ಪಾತ್ರಗಳು: ಮೈಸೂರಿನ ಕಲಾವಿದೆಯರಿಂದ.’

ದ್ರೌಪದಿ, ಕುಂತಿ, ಗಾಂಧಾರಿ, ಚಂದ್ರಮತಿ, ಎಲ್ಲರೂ ಆ ಒಂದು ಸಾಲಿನೊಳಗೆ ಸೇರಿಹೋಗುತ್ತಾರೆ. ಅವರಿಗೆ ಹೆಸರಿಲ್ಲ.

ವರದಿಗೆಂದು ಹಳ್ಳಿ ಸುತ್ತುವ ನಮಗೆ ಈ ಸಾಲನ್ನು ಓದಿದಾಗಲೆಲ್ಲ ನೆನಪಾಗುವುದು, ಇದೇ ಪಾತ್ರಗಳಿಂದ ಹೊರಟು ಹೆಸರು ಉಳಿಸಿಕೊಂಡ ಒಬ್ಬ ಹೆಣ್ಣುಮಗಳು. ಅವರು ಪಂಡರಿಬಾಯಿ. ಇವತ್ತಿನವರಿಗೆ ಅವರು ಟಿ.ವಿ.ಯಲ್ಲಿ ಬರುವ ಹಳೇ ಸಿನಿಮಾದ ಅಳುವ ತಾಯಿ. ನಮ್ಮ ಅಜ್ಜಿಯರಿಗೆ ಅವರು ಬೇಡರ ಕಣ್ಣಪ್ಪನ ನೀಲ, ಹರಿಶ್ಚಂದ್ರನ ಚಂದ್ರಮತಿ. ಆದರೆ ಅವರ ಬದುಕನ್ನು ಸಾಲಾಗಿ ಜೋಡಿಸಿ ನೋಡಿದರೆ ಕಾಣುವುದು ದುಡಿಮೆ. ಹರಿಕಥೆ, ಪೌರಾಣಿಕ ನಾಟಕ, ನಾಲ್ಕು ಭಾಷೆಗಳ ಸಿನಿಮಾ, ನಿರ್ಮಾಣ, ಇವೆಲ್ಲವನ್ನೂ ಐದು ದಶಕ ಎಳೆದ ಕಸುಬುದಾರಳ ಚರಿತ್ರೆ ಅದು. ಆ ಚರಿತ್ರೆಯನ್ನು ಓದಿದರೆ, ಮೈಸೂರಿನಿಂದ ಕೊನೇ ಬಸ್ಸಿಗೆ ನಮ್ಮೂರಿಗೆ ಬಂದಿಳಿಯುವ ‘ಸ್ತ್ರೀ ಪಾತ್ರ’ದವರು ಯಾರು ಎಂಬುದೂ ಬೇರೆಯಾಗಿ ಕಾಣಲು ಶುರುವಾಗುತ್ತದೆ.

ಹೆಣ್ಣು ಪಾರ್ಟಿಗೆ ಹೆಣ್ಣು ಬಂದ ಕಾಲ

ಕನ್ನಡದ ವೃತ್ತಿರಂಗಭೂಮಿ ಶುರುವಾದಾಗ ಹೆಣ್ಣು ಪಾರ್ಟನ್ನು ಹಾಕುತ್ತಿದ್ದವರು ಗಂಡಸರೇ. ಮೈಸೂರು ಅರಮನೆಯ ಆಶ್ರಯದಲ್ಲಿ 1880ರ ದಶಕದಲ್ಲಿ ಬೆಳೆದ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಯ ಕಾಲದಲ್ಲೂ ಅಷ್ಟೆ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಮೊದಲ ವರ್ಷಗಳಲ್ಲೂ ಅಷ್ಟೆ. ನಮ್ಮ ಹಳ್ಳಿಗಳಲ್ಲಂತೂ ತೀರಾ ಈಚಿನವರೆಗೆ ಮೀಸೆ ಬೋಳಿಸಿಕೊಂಡು ದ್ರೌಪದಿ ಆದವರಿದ್ದರು. ಊರಲ್ಲಿ ಅವರನ್ನು ಆಮೇಲೂ ದ್ರೌಪದಿ ಎಂದೇ ಕರೆಯುತ್ತಿದ್ದರು.

ಗುಬ್ಬಿ ವೀರಣ್ಣನವರ ಕಾಲಕ್ಕೆ ಬಿ. ಸುಂದರಮ್ಮ, ಬಿ. ಜಯಮ್ಮನಂಥವರು ಕಂಪನಿಯ ಸ್ಟೇಜಿನ ಮೇಲೆ ಹಾಡಿ ಹೆಸರಾದರು. ಹೆಂಗಸರು ಬಂದಮೇಲೆ ನಾಟಕದ ಗಲ್ಲಾ ತುಂಬಿತು. ಆದರೆ ಸಮಾಜ ಅವರಿಗೆ ಗೌರವ ಕೊಡಲು ಅಷ್ಟು ಬೇಗ ಮನಸ್ಸು ಮಾಡಲಿಲ್ಲ. ಹಗಲು ಹೊತ್ತು ‘ನಾಟಕದವಳು’ ಎಂಬ ಮಾತು, ರಾತ್ರಿ ಹೊತ್ತು ‘ಒನ್ಸ್ ಮೋರ್’. ಇವೆರಡರ ನಡುವೆಯೇ ಅವರು ಬದುಕಬೇಕಿತ್ತು.

1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದಾಗ ಅದರೊಳಗೆ ನಿಂತವರು ಬಹುತೇಕ ನಾಟಕದವರೇ. ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ, ಲಕ್ಷ್ಮೀಬಾಯಿ. ಸಿನಿಮಾಕ್ಕೆಂದೇ ಕಲಿತ ನಟರು ಆಗ ಎಲ್ಲಿಂದ ಬರಬೇಕು? ಉದ್ದುದ್ದ ಮಾತು ಬಾಯಿಪಾಠ ಬರಬೇಕು, ಹಾಡಬೇಕು, ದೂರದವನಿಗೂ ಕೇಳುವ ಕಂಠ ಇರಬೇಕು. ಇದೆಲ್ಲ ಇದ್ದದ್ದು ಕಂಪನಿ ನಾಟಕದವರ ಹತ್ತಿರ ಮಾತ್ರ. ಕನ್ನಡ ಸಿನಿಮಾದ ಮೊದಲ ಇಪ್ಪತ್ತು ವರ್ಷ ಎಂದರೆ ನಾಟಕದ ಡೇರೆಯನ್ನು ಕ್ಯಾಮೆರಾದ ಮುಂದೆ ಹಾಕಿದ ಕಾಲ ಎಂದರೂ ತಪ್ಪಿಲ್ಲ.

ಪಂಡರಿಬಾಯಿ ಬೆಳೆದು ಬಂದದ್ದು ಈ ಹೊತ್ತಿನಲ್ಲಿ.

ಹರಿಕಥೆಯ ಕೂಸು

ಅವರ ಊರು ಉತ್ತರ ಕನ್ನಡದ ಭಟ್ಕಳ. ಹುಟ್ಟಿದಾಗಿನ ಹೆಸರು ಗೀತಾ. ಪಂಡರಿ ಎನ್ನುವುದು ಪಂಢರಪುರದ ವಿಠ್ಠಲನ ಕಡೆಯಿಂದ ಬಂದ ಹೆಸರು. ಚಿಕ್ಕಂದಿನಿಂದಲೇ ಅವರು ಹರಿಕಥೆ ಹೇಳಿದವರು, ಪೌರಾಣಿಕ ನಾಟಕಗಳಲ್ಲಿ ಪಾರ್ಟು ಹಾಕಿದವರು.

ಹರಿಕಥೆ ಎಂದರೆ ಏನೆಂದು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ನಾಟಕದಲ್ಲಿ ರಾಜನಿಗೆ ಒಬ್ಬ, ರಾಣಿಗೆ ಒಬ್ಬಳು, ಸೇವಕನಿಗೆ ಇನ್ನೊಬ್ಬ ಇರುತ್ತಾನೆ. ಹರಿಕಥೆಯಲ್ಲಿ ಎಲ್ಲ ಒಬ್ಬರೇ. ಕೈಯಲ್ಲಿ ಚಿಟಿಕೆ, ಹಿಂದೆ ಪಕ್ಕವಾದ್ಯ, ಮುಂದೆ ದೇವಸ್ಥಾನದ ಅಂಗಳ ತುಂಬ ಜನ. ಈಗ ಕೀರ್ತನೆ, ಇನ್ನೊಂದು ಗಳಿಗೆಗೆ ಕಥೆ, ಅದರ ಮಧ್ಯೆ ಒಂದು ನಗೆಮಾತು, ತಕ್ಷಣ ಕಣ್ಣೀರು. ದನಿ ಬದಲಿಸಿದರೆ ಯಶೋದೆ, ಮತ್ತೊಮ್ಮೆ ಬದಲಿಸಿದರೆ ಕಂಸ. ಮಕ್ಕಳು ಅಳುತ್ತಿರಲಿ, ಹಿಂದೆ ಕೂತವರು ಮಾತಾಡುತ್ತಿರಲಿ, ಜನರನ್ನು ಕೂರಿಸಿಕೊಂಡು ಹೋಗಬೇಕಾದ ಜವಾಬ್ದಾರಿ ಒಬ್ಬರದೇ. ಇಂಥ ಪಾಠಶಾಲೆಯಿಂದ ಬಂದವರಿಗೆ ಒಂದು ಪಾತ್ರದಿಂದ ಇನ್ನೊಂದಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ದೊಡ್ಡ ಹೊಳೆಯೇನಲ್ಲ. ಪಂಡರಿಬಾಯಿ ಅವರ ಮುಂದಿನ ಐವತ್ತು ವರ್ಷಗಳ ಬೀಜ ಇಲ್ಲಿದೆ.

ಅವರ ಮೊದಲ ಸಿನಿಮಾ 1943ರ ‘ವಾಣಿ’. ಆಗ ಅವರಿನ್ನೂ ಹದಿಹರೆಯದವರು. ಆ ಚಿತ್ರದ ಬೇರು ಇರುವುದು ನಮ್ಮ ಜಿಲ್ಲೆಯಲ್ಲಿ. ಅದನ್ನು ನಿರ್ಮಿಸಿದವರು ತಿರುಮಕೂಡಲಿನ ಪಿಟೀಲು ಚೌಡಯ್ಯನವರು, ಏಳು ತಂತಿಯ ಪಿಟೀಲಿನಿಂದ ಹೆಸರಾದ ಅದೇ ಚೌಡಯ್ಯ. ನಿರ್ದೇಶಿಸಿದವರು ಮೈಸೂರಿನಲ್ಲಿ ನಾಟಕ ಮಂಡಳಿ ಕಟ್ಟಿ ಬೆಳೆಸಿದ ಕೆ. ಹಿರಣ್ಣಯ್ಯನವರು, ಮಾಸ್ಟರ್ ಹಿರಣ್ಣಯ್ಯನವರ ತಂದೆ. ಒಬ್ಬ ಸಂಗೀತಗಾರ ದುಡ್ಡು ಹಾಕಿ, ಒಬ್ಬ ನಾಟಕದವರು ನಿಂತು ಮಾಡಿಸಿದ ಸಿನಿಮಾದಲ್ಲಿ ಒಬ್ಬ ಹರಿಕಥೆಯ ಹುಡುಗಿ ಕ್ಯಾಮೆರಾದ ಮುಂದೆ ಬಂದಳು. ಕನ್ನಡ ಸಿನಿಮಾ ಆಗ ಹೇಗೆ ಹುಟ್ಟುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಬ್ಬರು ಹೊಸಬರು, ಒಬ್ಬ ನಾಯಕಿ

1950ರ ಹೊತ್ತಿಗೆ ದಕ್ಷಿಣದ ಸಿನಿಮಾ ಎಂದರೆ ಮದ್ರಾಸು. ಕನ್ನಡ ಚಿತ್ರಗಳೂ ಹೆಚ್ಚಾಗಿ ಅಲ್ಲಿಯ ಸ್ಟುಡಿಯೊಗಳಲ್ಲೇ ತಯಾರಾಗುತ್ತಿದ್ದವು. ಪಂಡರಿಬಾಯಿ ಅಲ್ಲಿ ಎ.ವಿ.ಎಂ. ಸಂಸ್ಥೆಯ ಚಿತ್ರಗಳಲ್ಲಿ ನೆಲೆ ಕಂಡರು. 1951ರಲ್ಲಿ ಹಿಂದಿಯ ‘ಬಹಾರ್’ನಲ್ಲಿ ವೈಜಯಂತಿಮಾಲಾ ಜೊತೆ ನಟಿಸಿದರು. ಮುಂದಿನ ವರ್ಷ, 1952ರಲ್ಲಿ, ತಮಿಳಿನ ‘ಪರಾಶಕ್ತಿ’ ಬಂತು. ಕೃಷ್ಣನ್–ಪಂಜು ನಿರ್ದೇಶನ, ಎಂ. ಕರುಣಾನಿಧಿ ಅವರ ಸಂಭಾಷಣೆ. ತಮಿಳುನಾಡಿನ ರಾಜಕೀಯವನ್ನೇ ಅಲ್ಲಾಡಿಸಿದ ಸಿನಿಮಾ ಅದು. ನಾಟಕದಿಂದ ಬಂದ ಹೊಸ ಹುಡುಗನೊಬ್ಬ ಅದರ ನಾಯಕ, ಹೆಸರು ಶಿವಾಜಿ ಗಣೇಶನ್. ಅವರೆದುರು ನಾಯಕಿಯಾಗಿ ನಿಂತವರು ಭಟ್ಕಳದ ಪಂಡರಿಬಾಯಿ.

ಎರಡು ವರ್ಷ ಕಳೆದು 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ ಮಾಡಿದರು. ಗುಬ್ಬಿ ಕಂಪನಿಯವರು ಸ್ಟೇಜಿನ ಮೇಲೆ ಆಡಿ ಗೆದ್ದಿದ್ದ ನಾಟಕ ಅದು. ಅದಕ್ಕೂ ಹೊಸ ನಾಯಕ. ಗಾಜನೂರಿನ ಮುತ್ತುರಾಜ್ ಆ ಚಿತ್ರದಿಂದ ರಾಜಕುಮಾರ್ ಆದರು. ದಿಣ್ಣನ ಹೆಂಡತಿ ನೀಲಳಾಗಿ ನಿಂತವರು ಮತ್ತೆ ಪಂಡರಿಬಾಯಿ.

ಒಂದು ಗಳಿಗೆ ಇಲ್ಲಿ ನಿಂತು ಯೋಚಿಸಬೇಕು. ತಮಿಳಿಗೆ ಶಿವಾಜಿ, ಕನ್ನಡಕ್ಕೆ ರಾಜಕುಮಾರ್. ಮುಂದೆ ಅರ್ಧ ಶತಮಾನ ಎರಡು ರಾಜ್ಯಗಳ ಜನ ತಲೆಯ ಮೇಲೆ ಹೊತ್ತ ಇಬ್ಬರು ನಟರು ನಾಯಕರಾಗಿ ಮೊದಲ ಹೆಜ್ಜೆ ಇಟ್ಟಾಗ ಎದುರಿಗಿದ್ದದ್ದು ಒಬ್ಬಳೇ ನಟಿ. ಆಗ ಅವರಿಬ್ಬರೂ ಸಿನಿಮಾಕ್ಕೆ ಹೊಸಬರು, ಕ್ಯಾಮೆರಾ ಪಳಗಿದ್ದದ್ದು ಪಂಡರಿಬಾಯಿಗೆ. ನಾಯಕರ ಮೊದಲ ಚಿತ್ರದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆ ಹೊಸಬರ ಎದುರು ನಿಂತು ದೃಶ್ಯವನ್ನು ಹಿಡಿದಿಟ್ಟ ಅನುಭವಿಯ ಬಗ್ಗೆ ಬರೆದದ್ದು ಅದರಲ್ಲಿ ಕಾಲುಪಾಲೂ ಇಲ್ಲ.

ಅದೇ 1954ರಲ್ಲಿ ಅವರು ತಮಿಳಿನಲ್ಲಿ ‘ಅಂದ ನಾಳ್’ ಎಂಬ ಚಿತ್ರದಲ್ಲಿ ನಟಿಸಿದರು. ಎಸ್. ಬಾಲಚಂದರ್ ನಿರ್ದೇಶನ. ಹಾಡೇ ಇಲ್ಲದ ಸಿನಿಮಾ. ಆ ಕಾಲಕ್ಕೆ ಅದೊಂದು ಸಾಹಸ. ಎರಡನೇ ಮಹಾಯುದ್ಧದ ಸಮಯ, ಗಂಡ ಶತ್ರುದೇಶಕ್ಕೆ ಗುಟ್ಟು ಮಾರುವ ದ್ರೋಹಿ, ಅದನ್ನು ತಿಳಿದ ಹೆಂಡತಿ ಅವನೆದುರು ಪಿಸ್ತೂಲು ಹಿಡಿದು ನಿಲ್ಲುತ್ತಾಳೆ. ಆ ಗಂಡ ಶಿವಾಜಿ, ಆ ಹೆಂಡತಿ ಪಂಡರಿಬಾಯಿ. ಒಂದೇ ವರ್ಷ, ಒಬ್ಬಳೇ ನಟಿ: ಇಲ್ಲಿ ಗಂಡನ ಭಕ್ತಿಗೆ ಜೊತೆಯಾಗಿ ಕಾಡಿನಲ್ಲಿ ಅಲೆಯುವ ಬೇಡತಿ, ಅಲ್ಲಿ ಗಂಡನಿಗಿಂತ ದೇಶ ದೊಡ್ಡದೆನ್ನುವ ಓದಿದ ಹೆಣ್ಣು. ‘ಅಳುವ ತಾಯಿ’ ಎಂಬ ಒಂದೇ ಚೌಕಟ್ಟಿನಲ್ಲಿ ಅವರನ್ನು ಕೂರಿಸುವವರು ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಬೇಕು.

ದುಡ್ಡು ಹಾಕಿದ ಹೆಣ್ಣು

ಪಾರ್ಟು ಹಾಕುವುದು ಒಂದು, ಪಾರ್ಟು ಕೊಡುವುದು ಇನ್ನೊಂದು. ನಾಟಕ ಕಂಪನಿಗಳ ಮಾಲೀಕರು ಸಾಮಾನ್ಯವಾಗಿ ಗಂಡಸರು. ನಟಿಗೆ ಸಂಬಳವೋ ಸಂಭಾವನೆಯೋ ಅಷ್ಟೆ. ಸಿನಿಮಾದಲ್ಲೂ ಅದೇ ಪದ್ಧತಿ ನಡೆಯಿತು. ಅದನ್ನು ಮುರಿದ ಕನ್ನಡದ ಹೆಣ್ಣುಮಕ್ಕಳಲ್ಲಿ ಮೊದಲಿಗರು ಎಂ.ವಿ. ರಾಜಮ್ಮ. ಅವರೂ ನಾಟಕದಿಂದಲೇ ಬಂದವರು. 1943ರಲ್ಲಿ ‘ರಾಧಾರಮಣ’ ಚಿತ್ರವನ್ನು ನಿರ್ಮಿಸಿದರು.

ಪಂಡರಿಬಾಯಿ ಅದೇ ದಾರಿಯಲ್ಲಿ ನಡೆದು ಪಾಂಡುರಂಗನ ಹೆಸರಿನಲ್ಲೇ ಸಂಸ್ಥೆ ಕಟ್ಟಿದರು. 1955ರಲ್ಲಿ ‘ಸಂತ ಸಖು’, 1957ರಲ್ಲಿ ‘ರಾಯರ ಸೊಸೆ’. ಸಖುವಿನ ಕಥೆ ಹರಿಕಥೆ ಕೇಳಿದವರಿಗೆ ಗೊತ್ತು. ಅತ್ತೆಯ ಕಾಟದಲ್ಲಿ ನವೆಯುವ ಸೊಸೆ ಪಂಢರಪುರಕ್ಕೆ ಹೋಗಬೇಕೆಂದು ಹಂಬಲಿಸುತ್ತಾಳೆ. ಅವಳನ್ನು ಕಟ್ಟಿಹಾಕುತ್ತಾರೆ. ಆಗ ವಿಠ್ಠಲನೇ ಅವಳ ರೂಪದಲ್ಲಿ ಮನೆಗೆ ಬಂದು ಬೀಸುತ್ತಾನೆ, ಕುಟ್ಟುತ್ತಾನೆ, ನೀರು ಹೊರುತ್ತಾನೆ. ಸೊಸೆಯ ಗೈಮೆ ಎಷ್ಟೆಂದು ದೇವರಿಗೇ ಮಾಡಿ ನೋಡಬೇಕಾಗಿ ಬಂದ ಕಥೆ ಅದು. ‘ರಾಯರ ಸೊಸೆ’ಯಲ್ಲಿ ಮತ್ತೆ ಸೊಸೆಯ ಸಂಕಟವೇ. ಅದರಲ್ಲಿ ರಾಜಕುಮಾರ್ ಇದ್ದರು, ಪಂಡರಿಬಾಯಿಯ ತಂಗಿ ಮೈನಾವತಿಯೂ ಇದ್ದರು. ತನ್ನ ದುಡ್ಡು ಹಾಕುವ ಹಕ್ಕು ಸಿಕ್ಕಾಗ ಒಬ್ಬ ನಟಿ ಯಾವ ಕಥೆ ಆರಿಸಿಕೊಂಡಳು ಎಂಬುದನ್ನು ಗಮನಿಸಬೇಕು. ಮನೆಯೊಳಗೆ ಗೇಯುವ ಹೆಣ್ಣಿನ ಕಥೆಯನ್ನೇ ಆರಿಸಿಕೊಂಡರು.

‘ಸೋದರಿ’, ‘ಭಕ್ತ ವಿಜಯ’, ‘ಹರಿಭಕ್ತ’ ಮುಂತಾದ ಚಿತ್ರಗಳು ಬಂದದ್ದೂ ಇದೇ ಎರಡು-ಮೂರು ವರ್ಷಗಳಲ್ಲಿ. ಮೂರರಲ್ಲೂ ರಾಜಕುಮಾರ್ ಮತ್ತು ಪಂಡರಿಬಾಯಿ. ತಂಗಿ ಮೈನಾವತಿ ಬೆಳೆದು 1959ರ ‘ಅಬ್ಬಾ ಆ ಹುಡುಗಿ’ಯಲ್ಲಿ ಗಂಡುಬೀರಿ ನಾಯಕಿಯಾಗಿ ಜನರ ಮನ ಗೆದ್ದರು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳು ಕನ್ನಡ ಚಿತ್ರರಂಗದ ಒಂದು ದಶಕವನ್ನು ಹಂಚಿಕೊಂಡರು ಎಂದರೆ ಉತ್ಪ್ರೇಕ್ಷೆಯಲ್ಲ.

ಹುಣಸೂರಿನ ಹರಿಶ್ಚಂದ್ರ

ಇನ್ನು ನಮ್ಮ ಊರಿಗೆ ಬರೋಣ. ‘ಸತ್ಯ ಹರಿಶ್ಚಂದ್ರ’ ಚಿತ್ರ 1965ರಲ್ಲಿ ಬಂತು. ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ. ಹೆಸರಲ್ಲೇ ಊರನ್ನು ಹೊತ್ತವರು. ನಾಟಕ ಕಂಪನಿಗಳಲ್ಲಿ ಪಳಗಿ, ಮಾತು ಬರೆದು, ಹಾಡು ಬರೆದು, ಆಮೇಲೆ ನಿರ್ದೇಶನಕ್ಕೆ ಬಂದವರು. ಮುಂದೆ 1974ರಲ್ಲಿ ‘ಭಕ್ತ ಕುಂಬಾರ’, 1977ರಲ್ಲಿ ‘ಬಬ್ರುವಾಹನ’ ಮಾಡಿದವರೂ ಅವರೇ. ಕನ್ನಡದ ಪೌರಾಣಿಕ ಸಿನಿಮಾದ ಮಾತಿನ ಧಾಟಿಯನ್ನು ಗಟ್ಟಿ ಮಾಡಿದವರಲ್ಲಿ ಅವರು ಮುಖ್ಯರು. ನಮ್ಮ ಹಳ್ಳಿಯ ನಾಟಕದವರು ಇವತ್ತಿಗೂ ಸ್ಟೇಜಿನ ಮೇಲೆ ರಾಜಕುಮಾರ್ ಅವರ ಹಾಗೆ ಕೈ ಬೀಸಿ ಮಾತಾಡುತ್ತಾರಲ್ಲ, ಆ ಮಾತಿನ ಹಿಂದೆ ಹುಣಸೂರಿನವರ ಲೇಖನಿಯೂ ಇದೆ.

ಹರಿಶ್ಚಂದ್ರನ ಕಥೆ ಕನ್ನಡಿಗರಿಗೆ ಹದಿಮೂರನೇ ಶತಮಾನದ ರಾಘವಾಂಕನ ಕಾಲದಿಂದಲೂ ಮನೆಯ ಕಥೆ. ಹರಿಶ್ಚಂದ್ರನಾಗಿ ರಾಜಕುಮಾರ್, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು. ಸ್ಮಶಾನದ ಒಡೆಯ ವೀರಬಾಹುವಾಗಿ ನಮ್ಮ ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್. ಚಂದ್ರಮತಿಯಾಗಿ ಪಂಡರಿಬಾಯಿ. ಅದೇ ಹೊತ್ತಿಗೆ ಎನ್.ಟಿ. ರಾಮರಾವ್ ಮತ್ತು ಎಸ್. ವರಲಕ್ಷ್ಮಿ ಅವರ ಜೋಡಿಯಲ್ಲಿ ತೆಲುಗು ‘ಸತ್ಯ ಹರಿಶ್ಚಂದ್ರ’ವೂ ತಯಾರಾಯಿತು. ಗೆದ್ದು ನಿಂತದ್ದು ಕನ್ನಡದ್ದು. 2008ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು ಎಂದರೆ ನಲವತ್ತು ವರ್ಷ ಕಳೆದರೂ ಅದರ ಬೇಡಿಕೆ ಎಷ್ಟಿತ್ತು ಎಂದು ತಿಳಿಯುತ್ತದೆ.

ಈ ಕಥೆಯನ್ನು ನಾವು ಹರಿಶ್ಚಂದ್ರನ ಸತ್ಯದ ಕಥೆ ಎನ್ನುತ್ತೇವೆ. ಆದರೆ ನಾಟಕ ಆಡಿದವರನ್ನು ಕೇಳಿ. ಕಷ್ಟದ ಪಾರ್ಟು ಚಂದ್ರಮತಿಯದು ಎಂದೇ ಹೇಳುತ್ತಾರೆ. ರಾಜ್ಯ ಹೋದಾಗ ಗಂಡನ ಹಿಂದೆ ನಡೆಯುತ್ತಾಳೆ. ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾಗುವವಳು ಅವಳು. ಕೊಂಡವರ ಮನೆಯಲ್ಲಿ ಜೀತ ಮಾಡುತ್ತಾಳೆ. ಮಗ ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಹೆಣವನ್ನು ಒಬ್ಬಳೇ ಹೊತ್ತು ರಾತ್ರಿ ಸ್ಮಶಾನಕ್ಕೆ ಬರುತ್ತಾಳೆ. ಅಲ್ಲಿ ಸುಂಕ ಕೇಳುವ ಕಾವಲುಗಾರ ತನ್ನ ಗಂಡ. ಕೊನೆಗೆ ಕೊಲೆಯ ಆರೋಪ ಹೊತ್ತು ಅದೇ ಗಂಡನ ಕತ್ತಿಗೆ ಕೊರಳು ಒಡ್ಡುತ್ತಾಳೆ. ಇಷ್ಟರಲ್ಲಿ ಒಂದು ತೀರ್ಮಾನವೂ ಅವಳದಲ್ಲ, ನೋವು ಮಾತ್ರ ಅವಳದು. ‘ಚಂದ್ರಮತಿ ಪ್ರಲಾಪ’ ಎಂಬ ಮಾತು ನಮ್ಮಲ್ಲಿ ಗಾದೆಯ ಹಾಗೆ ಬಳಕೆಯಾಗುವುದು ಸುಮ್ಮನೆ ಅಲ್ಲ.

ಈ ಪ್ರಲಾಪವನ್ನು ಸ್ಟೇಜಿನ ಮೇಲೆ ಮಾಡುವುದಕ್ಕೂ ಕ್ಯಾಮೆರಾದ ಮುಂದೆ ಮಾಡುವುದಕ್ಕೂ ವ್ಯತ್ಯಾಸವಿದೆ. ಸ್ಟೇಜಿನಲ್ಲಿ ಹಿಂದಿನ ಸಾಲಿನವನಿಗೂ ಮುಟ್ಟಬೇಕು, ಹಾಗಾಗಿ ದನಿ ಏರಬೇಕು, ಕೈ ದೊಡ್ಡದಾಗಿ ಆಡಬೇಕು. ಕ್ಯಾಮೆರಾ ಹತ್ತಿರ ಬಂದಾಗ ಅದೆಲ್ಲ ಜಾಸ್ತಿಯಾಗುತ್ತದೆ. ಪಂಡರಿಬಾಯಿ ಮಾಡಿದ್ದು ಏನೆಂದರೆ ದನಿಯ ಕಸುವನ್ನು ಉಳಿಸಿಕೊಂಡು ಕೈಕಾಲಿನ ಆಟವನ್ನು ಇಳಿಸಿದ್ದು. ಚಿತ್ರದಲ್ಲಿ ಅವರು ಬಹಳ ಹೊತ್ತು ಅಲ್ಲಾಡದೆ ನಿಂತಿರುತ್ತಾರೆ, ಮಾತು ಮಾತ್ರ ಹರಿಯುತ್ತದೆ. ಅದು ಹರಿಕಥೆಯ ಕಂಠ. ಅಳು ಒಂದೇ ಸಮ ಇರುವುದಿಲ್ಲ, ಏರುತ್ತದೆ, ನಿಲ್ಲುತ್ತದೆ, ಮತ್ತೆ ಮಾತಾಗುತ್ತದೆ. ಇದನ್ನು ನೋಡಿದ ಮೇಲೆ ನಮ್ಮ ಕಡೆಯ ನಾಟಕದ ಚಂದ್ರಮತಿಯರೂ ಬದಲಾದರು ಎನ್ನುವುದು ಹಳೇ ನಾಟಕದ ಮೇಷ್ಟ್ರುಗಳ ಬಾಯಲ್ಲಿ ಕೇಳಿಬರುವ ಮಾತು. ಟೆಂಟಿನಲ್ಲಿ ಸಿನಿಮಾ ನೋಡಿ ಬಂದವರು ಊರ ನಾಟಕದಲ್ಲೂ ಅದೇ ಚಂದ್ರಮತಿಯನ್ನು ಕೇಳುತ್ತಿದ್ದರು. ನಾಟಕದಿಂದ ಸಿನಿಮಾಕ್ಕೆ ಹೋದ ಪಾತ್ರ ಹೀಗೆ ಸಿನಿಮಾದಿಂದ ನಾಟಕಕ್ಕೆ ಮರಳಿ ಬಂತು.

ನಾಯಕಿ ತಾಯಿಯಾದದ್ದು

ಆಮೇಲಿನ ಕಥೆ ಕನ್ನಡದ್ದು ಮಾತ್ರವಲ್ಲ, ನಮ್ಮ ದೇಶದ ಸಿನಿಮಾದ್ದೇ. ಗಂಡು ನಟನಿಗೆ ವಯಸ್ಸು ಆಗುವುದಿಲ್ಲ, ಹೆಣ್ಣು ನಟಿಗೆ ಮೂವತ್ತೈದಕ್ಕೇ ಆಗಿಬಿಡುತ್ತದೆ.

1967ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’ ಬಂತು. ಮೈಸೂರಿನ ಲೇಖಕಿ ತ್ರಿವೇಣಿ ಅವರ ಕಾದಂಬರಿ. ಕಲ್ಪನಾ ನಾಯಕಿ. ಪಂಡರಿಬಾಯಿ ಆಕೆಯ ತಾಯಿ. ವಯಸ್ಸು ಮೀರಿದ ಮೇಲೆ ಗಂಡುಮಗು ಹುಟ್ಟುತ್ತದೆ, ಆಸ್ತಿಗೆ ವಾರಸುದಾರ ಬಂದನೆಂದು ಮಗಳ ಮದುವೆಯೇ ಮು������ಯುತ್ತದೆ. ಮಗ ಹುಟ್ಟಿದ ಸಂತೋಷ, ಆ ವಯಸ್ಸಿನಲ್ಲಿ ಬಸುರಾದ ನಾಚಿಕೆ, ಇವೆರಡನ್ನೂ ಒಂದೇ ಮುಖದಲ್ಲಿ ತೋರಿಸಬೇಕಾದ ಪಾತ್ರ. ತಾಯಿ ಪಾತ್ರ ಎಂದರೆ ಬರೀ ಸೆರಗಿನಲ್ಲಿ ಕಣ್ಣು ಒರೆಸುವುದಲ್ಲ ಎಂಬುದಕ್ಕೆ ಅದು ಸಾಕ್ಷಿ.

ಮರುವರ್ಷ, 1968ರಲ್ಲಿ, ತಮಿಳಿನ ‘ಕುಡಿಯಿರುಂದ ಕೋಯಿಲ್’ನಲ್ಲಿ ಅವರು ಎಂ.ಜಿ. ರಾಮಚಂದ್ರನ್ ಅವರ ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ. ಅಂದರೆ ತನಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವರಿಗೆ ಪಂಡರಿಬಾಯಿ ತಾಯಿಯಾದರು. 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ರಾಜಕುಮಾರ್ ನಾಯಕ, ಪಂಡರಿಬಾಯಿ ಅವರ ತಾಯಿ. 1954ರಲ್ಲಿ ಹೆಂಡತಿ, 1965ರಲ್ಲಿ ಹೆಂಡತಿ, 1986ರಲ್ಲಿ ತಾಯಿ. ಇಬ್ಬರೂ ಒಂದೇ ಓರಗೆಯವರು. ಅದೇ ಕಥೆ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಆದಾಗ ರಜನೀಕಾಂತ್ ಅವರಿಗೂ ತಾಯಿ ಅವರೇ.

ಇದನ್ನು ಅನ್ಯಾಯ ಎಂದು ಹೇಳಿ ಮುಗಿಸಬಹುದು. ಅನ್ಯಾಯ ಹೌದು. ಆದರೆ ಅಷ್ಟೇ ಹೇಳಿದರೆ ಪಂಡರಿಬಾಯಿಗೆ ಇನ್ನೊಂದು ಅನ್ಯಾಯ ಮಾಡಿದಂತೆ. ಬಾಗಿಲು ಮುಚ್ಚಿದ ಕಡೆ ನಿಂತು ಗೋಳಾಡದೆ, ತೆರೆದಿದ್ದ ಬಾಗಿಲಲ್ಲಿ ಒಳಹೊಕ್ಕು ಅಲ್ಲಿಯೂ ತಮ್ಮದೇ ಗುರುತು ಮೂಡಿಸಿದರು. ನಾಯಕಿಯರು ಬಂದರು, ಹೋದರು. ಇವರು ಕನ್ನಡ, ತಮಿಳು, ತೆಲುಗು, ಹಿಂದಿ ಎಂದು ನೂರಾರು ಚಿತ್ರಗಳಲ್ಲಿ ದುಡಿಯುತ್ತಲೇ ಇದ್ದರು. ದುಡಿಮೆ ನಿಲ್ಲಿಸಿದರೆ ಊಟ ನಿಲ್ಲುತ್ತದೆ ಎಂಬುದನ್ನು ಕಂಪನಿ ನಾಟಕದ ಕಾಲದವರಿಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ. ಕೊನೆಗಾಲದಲ್ಲಿ ರಸ್ತೆ ಅಪಘಾತವೊಂದರಲ್ಲಿ ಒಂದು ಕೈ ಕಳೆದುಕೊಂಡರು. 2003ರ ಜನವರಿ 29ರಂದು ಚೆನ್ನೈನಲ್ಲಿ ತೀರಿಕೊಂಡರು.

ಹೆಸರು ಉಳಿಯುವುದು ಹೇಗೆ

ಪಂಡರಿಬಾಯಿಯ ಹೆಸರು ಉಳಿಯಿತು. ಯಾಕೆ ಉಳಿಯಿತು ಎಂದರೆ ಸಿನಿಮಾ ಶುರುವಾಗುವಾಗ ಪರದೆಯ ಮೇಲೆ ಹೆಸರು ಬರುತ್ತದೆ. ಪೋಸ್ಟರಿನಲ್ಲಿ, ಹಾಡಿನ ಪುಸ್ತಕದಲ್ಲಿ ಹೆಸರು ಇರುತ್ತದೆ. ನಾಟಕಕ್ಕೆ ಆ ಭಾಗ್ಯವಿಲ್ಲ. ಬೆಳಗಿನ ಜಾವ ಮಂಗಳ ಹಾಡಿ ಪರದೆ ಬಿದ್ದರೆ ಮುಗಿಯಿತು. ಕರಪತ್ರದಲ್ಲಿ ಹೆಸರು ಹಾಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೈಸೂರಿನವರೇ ಆದ ಆರ್. ನಾಗರತ್ನಮ್ಮ ಅವರನ್ನು ಇಲ್ಲಿ ನೆನೆಯಲೇಬೇಕು. ಬೇರೆ ಬೇರೆ ಕಂಪನಿಗಳಲ್ಲಿ ದುಡಿದು, 1958ರಲ್ಲಿ ಅವರು ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾರ್ಟೂ ಹೆಂಗಸರದೇ. ಕಂಸನೂ ಹೆಂಗಸು, ಭೀಮನೂ ಹೆಂಗಸು. ಗಂಡಸರು ಸೀರೆ ಉಟ್ಟು ದ್ರೌಪದಿಯಾಗಿದ್ದ ನಾಡಿನಲ್ಲಿ ನಾಗರತ್ನಮ್ಮ ಮೀಸೆ ಅಂಟಿಸಿಕೊಂಡು ಗದೆ ಹಿಡಿದರು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ಮಂಡಳಿ ಕಟ್ಟಿ ಅರ್ಧ ಶತಮಾನ ದಾಟಿದ ಮೇಲೆ ಬಂದ ಗೌರವ ಅದು. ಅವರ ಹೆಸರೂ ಉಳಿದದ್ದು ಮಂಡಳಿ ಅವರದೇ ಆಗಿದ್ದರಿಂದ, ಕರಪತ್ರ ಅಚ್ಚು ಹಾಕಿಸುವ ಅಧಿಕಾರ ಅವರ ಕೈಯಲ್ಲಿದ್ದುದರಿಂದ.

ನಮ್ಮ ನಾಲ್ಕು ತಾಲ್ಲೂಕಿಗೆ ಬರುವ ನಟಿಯರಿಗೆ ಆ ಅಧಿಕಾರವಿಲ್ಲ. ಅವರ ಕೆಲಸ ಹೇಗಿರುತ್ತದೆ ನೋಡಿ. ಊರಿನ ಗಂಡಸರು ಮೂರು ತಿಂಗಳು ಕಲಿತ ನಾಟಕಕ್ಕೆ ಅವರು ಬರುವುದು ಆಟದ ದಿನ ಸಂಜೆ. ಮೇಷ್ಟ್ರ ಜೊತೆ ಶ್ರುತಿ ಹೊಂದಿಸಿಕೊಳ್ಳಲು ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಅಷ್ಟೂ ಕಂದ, ವೃತ್ತ, ಹಾಡು, ಮಾತು ಅವರಿಗೆ ಬಾಯಿಪಾಠ. ದುರ್ಯೋಧನ ಮಾತು ಮರೆತು ನಿಂತರೆ ಭಾನುಮತಿ ತನ್ನ ಮಾತಿನೊಳಗೇ ಅವನ ಮಾತನ್ನು ಎತ್ತಿಕೊಡುತ್ತಾಳೆ. ಜನರಿಗೆ ಗೊತ್ತೇ ಆಗುವುದಿಲ್ಲ. ಒಂದೇ ರಾತ್ರಿ ಒಬ್ಬಳೇ ಮೊದಲು ರುಕ್ಮಿಣಿ, ಆಮೇಲೆ ಉತ್ತರೆ, ಬೆಳಗಿನ ಜಾವಕ್ಕೆ ಗಾಂಧಾರಿ ಆಗುವುದುಂಟು. ಬಣ್ಣ ಒರೆಸಿಕೊಳ್ಳಲು ಸ್ಟೇಜಿನ ಹಿಂದೆ ಒಂದು ಮರೆ ಸಿಕ್ಕರೆ ಪುಣ್ಯ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟರೆ, ರಾತ್ರಿಗೆ ಇನ್ನೊಂದು ಊರು. ಜಾತ್ರೆಯ ಕಾಲದಲ್ಲಿ ಹೀಗೇ ವಾರಗಟ್ಟಲೆ. ಮಳೆ ಹಿಡಿದರೆ ತಿಂಗಳುಗಟ್ಟಲೆ ಕೆಲಸವಿಲ್ಲ.

ಹರಿಕಥೆ ಪಂಡರಿಬಾಯಿಗೆ ಕಲಿಸಿದ ಬಹುಪಾತ್ರದ ಕಸುಬು ಇದೇ ಅಲ್ಲವೇ? ಅವರಿಗೆ ಮದ್ರಾಸಿನ ಬಾಗಿಲು ತೆರೆಯಿತು, ಇವರಿಗೆ ನಮ್ಮೂರ ಬಸ್‌ಸ್ಟ್ಯಾಂಡು.

ಹೆಸರು ಅಚ್ಚಾಗುವುದು ಬರೀ ಮರ್ಯಾದೆಯ ಪ್ರಶ್ನೆ ಎಂದು ತಿಳಿದರೆ ತಪ್ಪು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಇದೆ. ಅರ್ಜಿ ಹಾಕುವವರು ಇಷ್ಟು ವರ್ಷ ಕಲಾಸೇವೆ ಮಾಡಿದ್ದೇವೆ ಎಂಬುದಕ್ಕೆ ದಾಖಲೆ ತೋರಿಸಬೇಕು. ದಾಖಲೆ ಎಂದರೆ ಏನು? ಕರಪತ್ರ, ಆಹ್ವಾನ ಪತ್ರಿಕೆ, ಪ್ರಮಾಣಪತ್ರ, ಪತ್ರಿಕೆಯ ತುಣುಕು. ಮೂವತ್ತು ವರ್ಷ ದ್ರೌಪದಿಯಾದವಳ ಹತ್ತಿರ ಮೂವತ್ತು ಕರಪತ್ರ ಇರಬಹುದು. ಅದರಲ್ಲೆಲ್ಲ ‘ಮೈಸೂರಿನ ಕಲಾವಿದೆಯರಿಂದ’ ಎಂದಿದ್ದರೆ ಆ ಕಲಾವಿದೆ ತಾನೇ ಎಂದು ಅವಳು ಯಾರ ಮುಂದೆ, ಹೇಗೆ ತೋರಿಸಬೇಕು? ಒಂದು ಸಲ ಧರ್ಮರಾಯನ ಪಾರ್ಟು ಹಾಕಿದವನ ಫೋಟೊ ಮನೆಯ ಗೋಡೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿರುತ್ತದೆ. ಸಾವಿರ ರಾತ್ರಿ ಕುಂತಿಯಾದವಳಿಗೆ ಕಾಗದದಲ್ಲಿ ಗುರುತಿಲ್ಲ.

ಇದನ್ನು ಸರಿಮಾಡಲು ಸರ್ಕಾರದ ಆದೇಶ ಬೇಕಿಲ್ಲ, ಅಕಾಡೆಮಿಯೂ ಬೇಕಿಲ್ಲ. ಫ್ಲೆಕ್ಸ್ ಬರೆಸುವವರು ನಾವೇ, ಕರಪತ್ರಕ್ಕೆ ಹೆಸರು ಬರೆದುಕೊಡುವವರು ನಾವೇ. ಪಾರ್ಟು ಒಪ್ಪಿಸುವಾಗಲೇ ನಟಿಯನ್ನು ಪೂರ್ತಿ ಹೆಸರು ಕೇಳಬೇಕು. ಪಾತ್ರದ ಎದುರು ಅದನ್ನು ಅಚ್ಚು ಹಾಕಿಸಬೇಕು. ಆಟ ಮುಗಿದ ಮೇಲೆ ಸಂಭಾವನೆಯ ಜೊತೆ ನಾಟಕ ಮಂಡಳಿಯ ಹೆಸರು, ತಾರೀಖು, ಪಾತ್ರ ಬರೆದ ಒಂದು ಪತ್ರಕ್ಕೆ ಅಧ್ಯಕ್ಷರ ಸಹಿ ಹಾಕಿ ಕೊಡಬೇಕು. ಇದಕ್ಕೆ ತಗಲುವುದು ಒಂದು ಹಾಳೆ.

ಹಳೇ ಟ್ರಂಕಿನಲ್ಲಿ ನಾಟಕದ ಕರಪತ್ರ ಇಟ್ಟುಕೊಂಡ ಮನೆಗಳು ಈ ಕಡೆ ಇನ್ನೂ ಇವೆ. ತೆಗೆದು ನೋಡಿ. ಹೆಸರಿರುವ ನಟಿಯರು ಸಿಕ್ಕರೆ ಆ ಕಾಗದವನ್ನು ಜೋಪಾನ ಮಾಡಿ, ಅವರು ಎಲ್ಲಿದ್ದಾರೆಂದು ಗೊತ್ತಿದ್ದರೆ ಒಂದು ಪ್ರತಿ ತಲುಪಿಸಿ. ಹೆಸರಿಲ್ಲದ ಕರಪತ್ರವಾದರೆ ಮನೆಯ ಹಿರಿಯರನ್ನು ಕೇಳಿ, ಆ ರಾತ್ರಿ ಚಂದ್ರಮತಿ ಯಾರಾಗಿದ್ದರು ಎಂದು. ನೆನಪಿರುವವರು ಇರುವಾಗಲೇ ಪೆನ್ನು ತೆಗೆದು ಅಂಚಿನಲ್ಲಿ ಬರೆದಿಡಿ.